ಅರ್ಧಕ್ಕೆ ನಿಂತ ಫರ್ಮ್‌ವೇರ್

ಹಳೆಯ ಇಪಿಎಬಿಎಕ್ಸ್ ಪೆಟ್ಟಿಗೆಯ ಕೆಲಸವನ್ನು ಲಿನಕ್ಸ್ ಬಳಸಿ ಮಾಡುವ ಪುಟ್ಟ ಕಂಪ್ಯೂಟರೇ ಸಣ್ಣ ಕಚೇರಿಗಳ ಫೋನ್ ಸರ್ವರ್. ಅದರ ಒಂದು ಮಗ್ಗುಲಿಗೆ ಎಕ್ಸ್‌ಚೇಂಜಿನಿಂದ ಬಂದ ಲ್ಯಾಂಡ್‌ಲೈನ್ ಸೇರುತ್ತದೆ. ಆ ಸಾಕೆಟ್ಟಿಗೆ ಎಫ್‌ಎಕ್ಸ್‌ಓ ಎಂದು ಹೆಸರು. ಇನ್ನೊಂದು ಮಗ್ಗುಲಿಗೆ ಮೇಜಿನ ಮೇಲಿನ ಸಾಧಾರಣ ಫೋನುಗಳು. ಅವುಗಳದು ಎಫ್‌ಎಕ್ಸ್‌ಎಸ್ ಸಾಕೆಟ್. ಇವುಗಳ ಜೊತೆಗೆ ನೆಟ್‌ವರ್ಕ್ ಕೇಬಲ್. ಅದರಲ್ಲಿ ಎಸ್‌ಐಪಿ ಫೋನುಗಳ ಮಾತು ಓಡಾಡುತ್ತದೆ. ಪೆಟ್ಟಿಗೆಗೆ ಮಾನಿಟರ್ ಇಲ್ಲ, ಕೀಬೋರ್ಡ್ ಇಲ್ಲ, ಹಾರ್ಡ್ ಡಿಸ್ಕೂ ಇಲ್ಲ. ಆಪರೇಟಿಂಗ್ ಸಿಸ್ಟಂ, ಡ್ರೈವರ್‌ಗಳು, ಫೋನ್ ತಂತ್ರಾಂಶ ಎಲ್ಲವೂ ಒಂದು ಫ್ಲ್ಯಾಶ್ ಚಿಪ್‌ನಲ್ಲಿ ಅಡಕ. ಅದೆಲ್ಲವನ್ನೂ ಸೇರಿಸಿ ಫರ್ಮ್‌ವೇರ್ ಎನ್ನುತ್ತಾರೆ. ಅದನ್ನು ಹೊಸದಕ್ಕೆ ಬದಲಿಸುವ ಕೆಲಸ ಅರ್ಧಕ್ಕೆ ನಿಂತರೆ ಕಚೇರಿಯ ಎಲ್ಲ ಫೋನುಗಳೂ ಒಟ್ಟಿಗೇ ಮೂಕವಾಗುತ್ತವೆ.

ಇಂಥ ಪೆಟ್ಟಿಗೆಗಳಿಗೆ ಅಡಿಪಾಯ ಹಾಕಿದ್ದು ಆಸ್ಟರಿಸ್ಕ್ ಎಂಬ ಮುಕ್ತ ತಂತ್ರಾಂಶ. ಅಮೆರಿಕದ ಮಾರ್ಕ್ ಸ್ಪೆನ್ಸರ್ 1999ರಲ್ಲಿ ಅದನ್ನು ಬರೆಯತೊಡಗಿದಾಗ ಅದಕ್ಕೆ ಪೂರಾ ಒಂದು ಪಿಸಿ, ಅದರೊಳಗೆ ಒಂದು ಟೆಲಿಫೋನ್ ಕಾರ್ಡು ಬೇಕಿತ್ತು. ಆ ಪಿಸಿಯನ್ನು ಅಂಗೈಯಗಲದ ಬೋರ್ಡಿಗೆ ಇಳಿಸಿದವರಲ್ಲಿ ಆಸ್ಟ್ರೇಲಿಯಾದ ಅಡಿಲೇಡ್ ನಗರದ ಎಂಜಿನಿಯರ್ ಡೇವಿಡ್ ರೋ ಮುಖ್ಯರು. ಅವರ ಐಪಿ04 ಎಂಬ ನಾಲ್ಕು ಪೋರ್ಟಿನ ಪೆಟ್ಟಿಗೆಯಲ್ಲಿ ಅನಲಾಗ್ ಡಿವೈಸಸ್ ಕಂಪನಿಯ ಬ್ಲ್ಯಾಕ್‌ಫಿನ್ ಬಿಎಫ್532 ಪ್ರೊಸೆಸರ್, 64 ಎಂಬಿ ರ್‍ಯಾಮ್, 256 ಎಂಬಿ ನ್ಯಾಂಡ್ ಫ್ಲ್ಯಾಶ್ ಇದ್ದವು. ಸರ್ಕ್ಯೂಟ್ ನಕ್ಷೆಯನ್ನೂ ಅವರು ಮುಕ್ತವಾಗಿ ಕೊಟ್ಟರು. ಚೀನಾದ ಆಟ್‌ಕಾಮ್ ಕಂಪನಿ ಅದನ್ನು ತಯಾರಿಸಿ ಮಾರಿತು. ಮುಂದೆ ವಿವರಿಸುವ ದುರಸ್ತಿ ಕ್ರಮಕ್ಕೆ ಈ ಪೆಟ್ಟಿಗೆಯೇ ಮಾದರಿ. ಬೇರೆ ಬ್ರ್ಯಾಂಡುಗಳಲ್ಲಿ ಆದೇಶದ ಹೆಸರು, ಸಾಕೆಟ್ಟಿನ ಜಾಗ ಬದಲಾಗಬಹುದು. ಕ್ರಮ ಹೆಚ್ಚೇನೂ ಬದಲಾಗುವುದಿಲ್ಲ.

ಪವರ್ ಕೊಟ್ಟ ಕ್ಷಣದಿಂದ ಫೋನು ರಿಂಗಾಗುವವರೆಗೆ ಪೆಟ್ಟಿಗೆಯೊಳಗೆ ಅಧಿಕಾರ ಹಲವು ಕೈ ದಾಟುತ್ತದೆ. ಮೊದಲು ಏಳುವುದು ಬೂಟ್‌ಲೋಡರ್. ಸಾಮಾನ್ಯವಾಗಿ ಯು-ಬೂಟ್, ಜರ್ಮನಿಯ ವುಲ್ಫ್‌ಗ್ಯಾಂಗ್ ಡೆಂಕ್ ಬೆಳೆಸಿದ್ದು. ಅದು ರ್‍ಯಾಮ್, ನೆಟ್‌ವರ್ಕ್‌ಗಳನ್ನು ಎಬ್ಬಿಸಿ, ಫ್ಲ್ಯಾಶಿನಿಂದ ಲಿನಕ್ಸ್ ಕರ್ನಲ್ ಓದಿಕೊಂಡು ಅದರ ಕೈಗೆ ಆಡಳಿತ ಒಪ್ಪಿಸುತ್ತದೆ. ಕರ್ನಲ್ ತನ್ನ ರೂಟ್ ಫೈಲ್ ಸಿಸ್ಟಂ ಹುಡುಕಿ ಅಲ್ಲಿನ ಮೊದಲ ಪ್ರೋಗ್ರಾಂ ಓಡಿಸುತ್ತದೆ. ಅದು ಟೆಲಿಫೋನ್ ಪೋರ್ಟುಗಳ ಡ್ರೈವರ್ ಹಾಕುತ್ತದೆ. ಕಟ್ಟಕಡೆಗೆ ಆಸ್ಟರಿಸ್ಕ್ ಎದ್ದು ತನ್ನ ಕಾನ್ಫಿಗರೇಶನ್ ಕಡತಗಳನ್ನು ಓದುತ್ತದೆ. ಅಪ್‌ಗ್ರೇಡ್ ಕೆಟ್ಟಾಗ ಈ ಸಾಲಿನಲ್ಲಿ ಎಲ್ಲೋ ಒಂದು ಕಡೆ ಹಸ್ತಾಂತರ ತಪ್ಪಿರುತ್ತದೆ. ಹೆಚ್ಚಿನ ಪೆಟ್ಟಿಗೆಗಳಲ್ಲಿ ತಪ್ಪುವುದು ಎರಡನೆಯ ಅಥವಾ ಮೂರನೆಯ ಹೆಜ್ಜೆಯಲ್ಲಿ. ಬೂಟ್‌ಲೋಡರ್ ಗಟ್ಟಿಯಾಗಿಯೇ ಉಳಿದಿರುತ್ತದೆ. ‘ಡೆಡ್ ಆಗಿದೆ’ ಎಂದು ಮೂಲೆಗೆಸೆದ ಪೆಟ್ಟಿಗೆಗಳಲ್ಲಿ ನಿಜವಾಗಿ ಸತ್ತಿರುವುದು ಬಹಳ ಕಡಿಮೆ. ಕೊನೆಯದಾಗಿ ಮಾತಾಡಿದ ಹಂತ ಯಾವುದು ಎಂದು ಕಂಡುಹಿಡಿಯುವುದೇ ದುರಸ್ತಿಯ ಮುಕ್ಕಾಲು ಪಾಲು.

ಎಲ್ಲಿ ಕೆಡುತ್ತದೆ

ವೆಬ್ ಪುಟದಲ್ಲಿ ‘ಅಪ್‌ಗ್ರೇಡ್’ ಒತ್ತಿದಾಗ ನಡೆಯುವುದು ಇಷ್ಟು: ಕಡತ ಮೊದಲು ರ್‍ಯಾಮ್‌ಗೆ ಬರುತ್ತದೆ; ಎಂಡಿ5 ಅಥವಾ ಅಂಥದೇ ಮೊತ್ತದಿಂದ ಅದರ ತಾಳೆ ನೋಡಲಾಗುತ್ತದೆ; ಫ್ಲ್ಯಾಶಿನ ಹಳೆಯ ಭಾಗ ಅಳಿಸಲಾಗುತ್ತದೆ; ಹೊಸದನ್ನು ಬರೆದು ಪೆಟ್ಟಿಗೆ ಮರುಚಾಲನೆಯಾಗುತ್ತದೆ. ಅಳಿಸಿದ ಮೇಲೆ, ಬರೆದು ಮುಗಿಯುವ ಮೊದಲು ಕರೆಂಟು ಹೋದರೆ ಏನಾಗುತ್ತದೆಂದು ವಿವರಿಸಬೇಕಿಲ್ಲ. ಆದರೆ ಕರೆಂಟಿನ ಮೇಲೆ ಹಾಕುವಷ್ಟು ತಪ್ಪು ಕರೆಂಟಿನದಲ್ಲ.

ರ್‍ಯಾಮ್ ಸಾಲದಿರುವುದು ಅದಕ್ಕಿಂತ ಹೆಚ್ಚು ಕಾಣುವ ಕಾರಣ. ಬ್ಲ್ಯಾಕ್‌ಫಿನ್‌ನಂಥ ಪ್ರೊಸೆಸರ್‌ಗಳಿಗೆ ಮೆಮೊರಿ ಮ್ಯಾನೇಜ್‌ಮೆಂಟ್ ಘಟಕವಿಲ್ಲ. ಅವುಗಳ ಮೇಲೆ ಓಡುವುದು ಯುಸಿಲಿನಕ್ಸ್. ಸಾಧಾರಣ ಲಿನಕ್ಸ್ ಚೂರುಪಾರು ಜಾಗಗಳನ್ನು ಒಟ್ಟುಗೂಡಿಸಿ ಪ್ರೋಗ್ರಾಮಿಗೆ ಒಂದೇ ದೊಡ್ಡ ಜಾಗದಂತೆ ತೋರಿಸಬಲ್ಲದು. ಯುಸಿಲಿನಕ್ಸ್‌ಗೆ ಆ ಅನುಕೂಲವಿಲ್ಲ. ಕೇಳಿದಷ್ಟು ಜಾಗ ಒಂದೇ ಉದ್ದಕ್ಕೆ ಖಾಲಿ ಇರಲೇಬೇಕು. ಅದರ ಹಳೆಯ ಆವೃತ್ತಿಗಳಂತೂ ಗಾತ್ರವನ್ನು ಎರಡರ ಘಾತಕ್ಕೆ ಏರಿಸಿಕೊಳ್ಳುತ್ತಿದ್ದವು: 5 ಎಂಬಿ ಕೇಳಿದರೆ 8 ಎಂಬಿಯ ಅಖಂಡ ತುಂಡು ಬೇಕು. ವಾರಗಟ್ಟಲೆ ನಿಲ್ಲದೆ ಓಡಿದ ಪೆಟ್ಟಿಗೆಯಲ್ಲಿ ಒಟ್ಟು 20 ಎಂಬಿ ಖಾಲಿ ಇದ್ದರೂ ಅಂಥ ಒಂದು ತುಂಡು ಸಿಗದೆ ಹೋಗಬಹುದು. ಆಗ ಕಡತ ಅರ್ಧ ಬಂದು ನಿಲ್ಲುತ್ತದೆ. ಸರಿಯಾಗಿ ಬರೆದ ಸ್ಕ್ರಿಪ್ಟ್ ತಾಳೆ ತಪ್ಪಿದ್ದನ್ನು ಕಂಡು ಕೈಬಿಡುತ್ತದೆ. ಅಜಾಗರೂಕ ಸ್ಕ್ರಿಪ್ಟ್ ಅರ್ಧ ಕಡತವನ್ನೇ ಫ್ಲ್ಯಾಶಿಗೆ ಬರೆದು ‘ಯಶಸ್ವಿ’ ಎಂದು ತೋರಿಸುತ್ತದೆ. ಅಪ್‌ಗ್ರೇಡಿಗೆ ಮುನ್ನ ಪೆಟ್ಟಿಗೆಯನ್ನೊಮ್ಮೆ ಮರುಚಾಲನೆ ಮಾಡಿ, ಆಸ್ಟರಿಸ್ಕ್ ನಿಲ್ಲಿಸಿ, ಆಮೇಲೆ ಕಡತ ಕಳುಹಿಸಿದರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ.

ಮತ್ತೊಂದು ಕಾರಣ ವಿಚಿತ್ರವಾದದ್ದು. ಓಡುತ್ತಿರುವ ವ್ಯವಸ್ಥೆ ತಾನು ಕೂತ ಫ್ಲ್ಯಾಶನ್ನೇ ಅಳಿಸಬೇಕು. ಅಳಿಸುವ ಆದೇಶದ ಪ್ರೋಗ್ರಾಮೂ ಅದೇ ಫ್ಲ್ಯಾಶಿನಲ್ಲಿರುತ್ತದೆ; ನಡುವೆ ಅದರ ಒಂದು ಪುಟ ಮತ್ತೆ ಓದಬೇಕಾಗಿ ಬಂದರೆ ಅಲ್ಲಿ ಏನೂ ಉಳಿದಿರುವುದಿಲ್ಲ. ರೂಟರ್‌ಗಳಿಗೆಂದಿರುವ ಲಿನಕ್ಸ್ ಆದ ಓಪನ್‌ಡಬ್ಲ್ಯೂಆರ್‌ಟಿಯ ‘ಸಿಸ್‌ಅಪ್‌ಗ್ರೇಡ್’ ಇದಕ್ಕಾಗಿಯೇ ಮೊದಲು ಬೇಕಾದ ಉಪಕರಣಗಳನ್ನು ರ್‍ಯಾಮ್‌ಗೆ ನಕಲು ಮಾಡಿಕೊಂಡು, ಅಲ್ಲಿಗೆ ವಾಸ ಬದಲಿಸಿ, ಆಮೇಲೆ ಅಳಿಸಲು ಕೈಹಾಕುತ್ತದೆ. ಅಗ್ಗದ ಪೆಟ್ಟಿಗೆಗಳೆಲ್ಲ ಇಷ್ಟು ಎಚ್ಚರ ವಹಿಸುವುದಿಲ್ಲ.

ಇನ್ನು ಬೇರೆ ಮಾದರಿಯ ಇಮೇಜ್ ಹಾಕಿಬಿಡುವುದು, ಬರವಣಿಗೆಯ ನಡುವೆ ಬ್ರೌಸರ್ ಮುಚ್ಚುವುದು, ‘ಹ್ಯಾಂಗ್ ಆಗಿದೆ’ ಎಂದು ಅವಸರಪಟ್ಟು ಪ್ಲಗ್ ಕೀಳುವುದು. ಪರದೆಯ ಮೇಲಿನ ಪ್ರಗತಿ ಪಟ್ಟಿಯನ್ನು ಎಷ್ಟೋ ಪೆಟ್ಟಿಗೆಗಳಲ್ಲಿ ಓಡಿಸುವುದು ಕೇವಲ ಒಂದು ಗಡಿಯಾರ. ಫ್ಲ್ಯಾಶಿನಲ್ಲಿ ನಡೆಯುವುದಕ್ಕೂ ಅದಕ್ಕೂ ಸಂಬಂಧವಿರುವುದಿಲ್ಲ. ಅದನ್ನು ನಂಬಿ ಯಾವ ನಿರ್ಧಾರವನ್ನೂ ಮಾಡಬಾರದು.

ಸೀರಿಯಲ್ ಕೇಬಲ್

ಸ್ಪಂದಿಸದ ಪೆಟ್ಟಿಗೆಯನ್ನು ಪಿಂಗ್ ಮಾಡಿ ನೋಡುವುದು ಎಲ್ಲರ ಮೊದಲ ಯತ್ನ. ಅದರಿಂದ ತಿಳಿಯುವುದು ಕಡಿಮೆ. ಯು-ಬೂಟ್ ತಾನಾಗಿ ನೆಟ್‌ವರ್ಕ್ ಕೆಲಸ ಮಾಡುತ್ತಿರುವಾಗಷ್ಟೇ ನೆಟ್‌ವರ್ಕಿನತ್ತ ಕಿವಿಗೊಡುತ್ತದೆ. ಆದೇಶಕ್ಕೆ ಕಾಯುತ್ತಾ ಆರೋಗ್ಯವಾಗಿ ಕೂತ ಬೂಟ್‌ಲೋಡರ್ ಪಿಂಗ್‌ಗೆ ಉತ್ತರಿಸುವುದಿಲ್ಲ. ಪಿಂಗ್ ಬರಲಿಲ್ಲವೆಂದು ಪೆಟ್ಟಿಗೆ ಸತ್ತಿತೆನ್ನುವುದು ತಪ್ಪು. ನೆಟ್‌ವರ್ಕ್ ಸಾಕೆಟ್ಟಿನ ದೀಪ ಹತ್ತುವುದೂ ಪುರಾವೆಯಲ್ಲ. ಕೆಲವು ಬೋರ್ಡುಗಳಲ್ಲಿ ಪ್ರೊಸೆಸರ್ ಏನನ್ನೂ ಮಾಡದಿದ್ದರೂ ಅದು ಹತ್ತಬಹುದು.

ಸತ್ಯ ತಿಳಿಯುವುದು ಸೀರಿಯಲ್ ಕನ್ಸೋಲ್‌ನಲ್ಲಿ. ಬೋರ್ಡಿನ ಮೇಲೆ ಮೂರೋ ನಾಲ್ಕೋ ಪಿನ್ನುಗಳ ಒಂದು ಸಾಲು ಇದಕ್ಕೆಂದೇ ಇರುತ್ತದೆ. ಯುಎಸ್‌ಬಿ-ಟಿಟಿಎಲ್ ಅಡಾಪ್ಟರ್ ಬೆಂಗಳೂರಿನ ಎಸ್‌ಪಿ ರಸ್ತೆಯಂಥ ಎಲೆಕ್ಟ್ರಾನಿಕ್ಸ್ ಪೇಟೆಯಲ್ಲಿ ಸುಲಭವಾಗಿ ಸಿಗುವ ಸಾಮಾನು. ಅದನ್ನು ಕೊಳ್ಳುವಾಗ ವೋಲ್ಟೇಜ್ ನೋಡಿಕೊಳ್ಳಬೇಕು. ಇಂಥ ಬೋರ್ಡುಗಳ ಪಿನ್ನಿನಲ್ಲಿರುವುದು ಹೆಚ್ಚಾಗಿ 3.3 ವೋಲ್ಟ್, ಹಳೆಯ ಪಿಸಿಗಳ ಆರ್‌ಎಸ್-232 ಪೋರ್ಟಿನಲ್ಲಿ ಹಾಯುವುದು ಧನ, ಋಣ ಎರಡೂ ಕಡೆಗೆ 12 ವೋಲ್ಟ್‌ವರೆಗೆ. ಇದನ್ನು ಅದಕ್ಕೆ ನೇರ ಜೋಡಿಸಿದರೆ ಫರ್ಮ್‌ವೇರ್ ತೊಂದರೆ ಹಾರ್ಡ್‌ವೇರ್ ತೊಂದರೆಯಾಗಿ ಬಡ್ತಿ ಪಡೆಯುತ್ತದೆ. ಗ್ರೌಂಡ್ ಗ್ರೌಂಡಿಗೆ, ಒಂದರ ಟಿಎಕ್ಸ್ ಇನ್ನೊಂದರ ಆರ್‌ಎಕ್ಸ್‌ಗೆ. ಅಡಾಪ್ಟರಿನ ಪವರ್ ತಂತಿ ಜೋಡಿಸುವುದು ಬೇಡ, ಬೋರ್ಡಿಗೆ ಅದರದೇ ಪವರ್ ಇದೆ. ವೇಗ ಬಹುತೇಕ 115200. 8 ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್. ಪರದೆಯಲ್ಲಿ ಕಸಕಡ್ಡಿ ಅಕ್ಷರ ಬಂದರೆ ವೇಗ ತಪ್ಪಾಗಿದೆ. ಓದಲು ಬರುತ್ತದೆ, ಕೀಲಿ ಒತ್ತಿದರೆ ಮಾತ್ರ ಏನೂ ಆಗುವುದಿಲ್ಲವೆಂದರೆ ಟರ್ಮಿನಲ್ ಪ್ರೋಗ್ರಾಮಿನ ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ ಚಾಲೂ ಇರುವ ಸಾಧ್ಯತೆ ಹೆಚ್ಚು. ಅದನ್ನು ಆಫ್ ಮಾಡಿದರೆ ಸರಿಹೋಗುತ್ತದೆ.

ಪವರ್ ಕೊಟ್ಟ ತಕ್ಷಣ ಬರುವ ಸಾಲುಗಳನ್ನೆಲ್ಲ ಒಂದು ಕಡತಕ್ಕೆ ಉಳಿಸಿಕೊಂಡು ಸಾವಕಾಶವಾಗಿ ಓದಬೇಕು. ಒಂದಕ್ಷರವೂ ಬರದಿದ್ದರೆ ಬೂಟ್‌ಲೋಡರ್ರೇ ಅಳಿದಿದೆ, ಇಲ್ಲವೆ ಪೆಟ್ಟಿಗೆಯ ಪವರ್ ಅಡಾಪ್ಟರಿನಿಂದ ವೋಲ್ಟೇಜ್ ಬರುತ್ತಿಲ್ಲ. ಮೊದಲು ಎರಡನೆಯದನ್ನು ಅಳೆದು ನೋಡುವುದು ಮೇಲು. ಬೂಟ್‌ಲೋಡರ್ ಹೋಗಿದ್ದರೆ ಜೆಟ್ಯಾಗ್ ಉಪಕರಣ ಅಥವಾ ಚಿಪ್ ಪ್ರೋಗ್ರಾಮರ್ ಬೇಕು, ಅದು ಬೇರೆಯೇ ಕಸುಬು. ಐಪಿ04ನಂಥ ವಿನ್ಯಾಸದಲ್ಲಿ ಬೂಟ್‌ಲೋಡರನ್ನು ನ್ಯಾಂಡ್‌ನಲ್ಲಿಡದೆ ಬೇರೆಯೇ ಒಂದು ಪುಟ್ಟ ಎಸ್‌ಪಿಐ ಫ್ಲ್ಯಾಶಿನಲ್ಲಿ ಇಟ್ಟಿದ್ದು ಇದೇ ಕಾರಣಕ್ಕೆ ಉಪಕಾರಿ: ನ್ಯಾಂಡ್‌ನಲ್ಲಿ ಏನೇ ಅನಾಹುತವಾದರೂ ಮೊದಲ ಮಾತಾಡುವವನು ಉಳಿದಿರುತ್ತಾನೆ.

ಬೂಟ್‌ಲೋಡರ್ ಹೇಳುವ ದೂರುಗಳು

ಯು-ಬೂಟ್ ಎದ್ದ ಮೇಲೆ ಕೆಲವು ಸೆಕೆಂಡು ಕಾಯುತ್ತದೆ. ಆಗ ಯಾವುದಾದರೂ ಕೀಲಿ ಒತ್ತಿದರೆ ಅದು ಕರ್ನಲ್ಲಿನತ್ತ ಹೋಗದೆ ಆದೇಶಕ್ಕೆ ನಿಲ್ಲುತ್ತದೆ. ಅಲ್ಲಿ ಮೊದಲು ಕೊಡಬೇಕಾದ್ದು ‘ಪ್ರಿಂಟ್‌ಎನ್ವ್’. ಬೂಟ್ ಆದೇಶ, ನೆಟ್‌ವರ್ಕ್ ವಿಳಾಸ, ಮ್ಯಾಕ್ ಅಡ್ರೆಸ್ ಎಲ್ಲ ಅದರಲ್ಲಿ ಬರುತ್ತವೆ. ಆ ಪಟ್ಟಿಯನ್ನು ಬರೆದಿಟ್ಟುಕೊಳ್ಳದೆ ಮುಂದಿನ ಹೆಜ್ಜೆ ಇಡುವುದು ಅವಿವೇಕ. ಎನ್ವಿರಾನ್‌ಮೆಂಟಿನ (ಅಂದರೆ ಈ ಪಟ್ಟಿಯ) ಸಿಆರ್‌ಸಿ ತಾಳೆ ಮೊತ್ತ ಕೆಟ್ಟಿದೆ, ಡೀಫಾಲ್ಟ್ ಬಳಸಲಾಗುತ್ತಿದೆ ಎಂಬ ಎಚ್ಚರಿಕೆ ಬಂದಿದ್ದರೆ ಈ ಪಟ್ಟಿ ಕಾರ್ಖಾನೆಯ ಮೂಲ ಮೌಲ್ಯಗಳಿಗೆ ಹೋಗಿದೆ ಎಂದು ಅರ್ಥ. ಮ್ಯಾಕ್ ಅಡ್ರೆಸ್ಸೂ ಅದರ ಜೊತೆಗೇ ಹೋಗಿರುತ್ತದೆ. ಹಾಗೇ ಬಿಟ್ಟರೆ ಒಂದೇ ಕಚೇರಿಯ ಎರಡು ಪೆಟ್ಟಿಗೆಗಳಿಗೆ ಒಂದೇ ಮ್ಯಾಕ್ ಬಂದು, ಒಂದು ಸರಿಯಿದ್ದಾಗ ಇನ್ನೊಂದು ಕೈಕೊಡುವ, ಯಾರಿಗೂ ಅರ್ಥವಾಗದ ಕಾಟ ಶುರುವಾಗುತ್ತದೆ. ಪೆಟ್ಟಿಗೆಯ ತಳದ ಚೀಟಿಯಲ್ಲಿ ಮುದ್ರಿಸಿದ ಮ್ಯಾಕ್ ನೋಡಿ ಮತ್ತೆ ತುಂಬಬೇಕು.

ಕರ್ನಲ್ ಇಮೇಜಿನ ಆರಂಭದಲ್ಲಿ 64 ಬೈಟ್‌ಗಳ ಒಂದು ತಲೆಬರಹ ಇರುತ್ತದೆ. ಅದರ ಮೊದಲ ನಾಲ್ಕು ಬೈಟ್ ಹೆಕ್ಸ್‌ನಲ್ಲಿ 27051956. ಯು-ಬೂಟ್ ಇಮೇಜಿನ ಗುರುತು ಅದು. ಅದರ ಜೊತೆಗೆ ತಲೆಬರಹಕ್ಕೊಂದು, ಒಳಗಿನ ದತ್ತಕ್ಕೊಂದು ಸಿಆರ್‌ಸಿ ಮೊತ್ತ. ‘ಬ್ಯಾಡ್ ಮ್ಯಾಜಿಕ್ ನಂಬರ್’ ಎಂದು ಬಂದರೆ ಆ ಜಾಗದಲ್ಲಿ ಇಮೇಜೇ ಇಲ್ಲ. ‘ಬ್ಯಾಡ್ ಡೇಟಾ ಸಿಆರ್‌ಸಿ’ ಎಂದರೆ ತಲೆ ಇದೆ, ಮೈ ಕೆಟ್ಟಿದೆ. ಈ ಎರಡು ದೂರುಗಳ ನಡುವೆ ಬಹಳ ಅಂತರವಿದೆ. ಮೊದಲನೆಯದು ಬಂದಾಗ ಫ್ಲ್ಯಾಶಿನ ಆ ಭಾಗವನ್ನು ರ್‍ಯಾಮ್‌ಗೆ ಓದಿಕೊಂಡು ‘ಎಂಡಿ’ ಆದೇಶದಿಂದ ಕಣ್ಣಾರೆ ನೋಡುವುದು ಒಳ್ಳೆಯದು. ಎಲ್ಲೆಲ್ಲೂ ಎಫ್‌ಎಫ್ ಕಂಡರೆ ಅಳಿಸುವ ಕೆಲಸ ಮುಗಿದಿದೆ, ಬರೆಯುವ ಕೆಲಸ ಆರಂಭವೇ ಆಗಿಲ್ಲ. ಬೇರೇನೋ ದತ್ತ ಕಂಡರೆ ಇಮೇಜನ್ನು ತಪ್ಪು ಜಾಗಕ್ಕೆ ಬರೆಯಲಾಗಿದೆ, ಇಲ್ಲವೆ ಬೂಟ್ ಆದೇಶ ತಪ್ಪು ಜಾಗದಿಂದ ಓದುತ್ತಿದೆ. 56190527 ಎಂದು ಕಂಡರೆ ಗಾಬರಿ ಬೇಡ: ತಲೆಬರಹದಲ್ಲಿ ಬೈಟ್‌ಗಳ ಕ್ರಮ ಬಿಗ್-ಎಂಡಿಯನ್, ಬ್ಲ್ಯಾಕ್‌ಫಿನ್ ಲಿಟಲ್-ಎಂಡಿಯನ್; ನಾಲ್ಕು ಬೈಟ್ ಒಟ್ಟಿಗೆ ತೋರಿಸಿದಾಗ ಅದೇ ಸಂಖ್ಯೆ ತಿರುಗುಮುರುಗಾಗಿ ಕಾಣುತ್ತದೆ.

ಹೊಸ ಇಮೇಜನ್ನು ಒಳಗೆ ತರುವ ದಾರಿ ಸಾಮಾನ್ಯವಾಗಿ ಟಿಎಫ್‌ಟಿಪಿ. ಕಡತವನ್ನು 512 ಬೈಟ್‌ಗಳ ತುಂಡು ಮಾಡಿ, ಒಂದಕ್ಕೆ ಸ್ವೀಕೃತಿ ಬಂದ ಮೇಲೆ ಇನ್ನೊಂದು ಕಳುಹಿಸುವ, ಪಾಸ್‌ವರ್ಡ್ ಸಹ ಇಲ್ಲದ ಸರಳ ವಿಧಾನ. ಸರಳವಾದರೂ ಕಾಡಿಸುತ್ತದೆ. ಪರದೆಯಲ್ಲಿ ಸಾಲಾಗಿ ‘ಟಿ’ ಅಕ್ಷರ ಬಂದರೆ ಉತ್ತರಕ್ಕೆ ಕಾದು ಕಾದು ಸಮಯ ಮೀರುತ್ತಿದೆ ಎಂದರ್ಥ. ಹೆಚ್ಚಿನ ಸಲ ಪಿಸಿಯ ಫೈರ್‌ವಾಲ್ ಯುಡಿಪಿ 69ನೇ ಪೋರ್ಟನ್ನು ತಡೆದಿರುತ್ತದೆ. ಮ್ಯಾನೇಜ್ಡ್ ಸ್ವಿಚ್ ನಡುವೆ ಇದ್ದರೆ ಸ್ಪ್ಯಾನಿಂಗ್ ಟ್ರೀ ಹೊಸ ಸಂಪರ್ಕವನ್ನು 30 ಸೆಕೆಂಡು ತಡೆಹಿಡಿಯಬಹುದು, ಅಷ್ಟರಲ್ಲಿ ಬೂಟ್‌ಲೋಡರಿನ ತಾಳ್ಮೆ ಮುಗಿದಿರುತ್ತದೆ. ಸಾದಾ ಸ್ವಿಚ್ ಹಾಕುವುದೇ ಪರಿಹಾರ. 32 ಎಂಬಿ ತಲುಪಿ ನಿಂತುಬಿಟ್ಟರೆ ತಪ್ಪು ಸರ್ವರ್ ಪ್ರೋಗ್ರಾಮಿನದು: ತುಂಡುಗಳ ಕ್ರಮಸಂಖ್ಯೆಗೆ ಇರುವುದು 16 ಬಿಟ್, 65535 ತುಂಡಾದ ಮೇಲೆ ಮತ್ತೆ ಮೊದಲಿನಿಂದ ಎಣಿಸಲು ಹಳೆಯ ಸರ್ವರ್‌ಗಳಿಗೆ ಬರುವುದಿಲ್ಲ. ನೆಟ್‌ವರ್ಕ್ ಪೋರ್ಟೇ ಕೆಟ್ಟಿದ್ದರೆ ವೈಮೋಡೆಮ್ ಮೂಲಕ ಸೀರಿಯಲ್ ತಂತಿಯಲ್ಲೇ ಕಳುಹಿಸಬಹುದು. 115200 ವೇಗದಲ್ಲಿ ಸೆಕೆಂಡಿಗೆ ಸುಮಾರು 11 ಕೆಬಿ ಸಾಗುತ್ತದೆ; 4 ಎಂಬಿಯ ಕರ್ನಲ್‌ಗೆ ಆರು ನಿಮಿಷಕ್ಕೂ ಮೇಲೆ.

ಒಳಗೆ ಬಂದ ಇಮೇಜನ್ನು ಆತುರಪಟ್ಟು ಫ್ಲ್ಯಾಶಿಗೆ ಬರೆಯಬಾರದು. ಅದನ್ನು ರ್‍ಯಾಮ್‌ನಲ್ಲಿಟ್ಟುಕೊಂಡೇ ‘ಬೂಟ್‌ಎಂ’ ಆದೇಶ ಕೊಟ್ಟು ಓಡಿಸಿ ನೋಡಬಹುದು. ಕರ್ನಲ್ ಎದ್ದರೆ ಇಮೇಜ್ ಒಳ್ಳೆಯದು, ಹಾರ್ಡ್‌ವೇರ್ ಒಳ್ಳೆಯದು, ಕೆಟ್ಟಿರುವುದು ಫ್ಲ್ಯಾಶಿನ ಪ್ರತಿ ಮಾತ್ರ ಎಂದು ಒಂದೇ ಏಟಿಗೆ ತೀರ್ಮಾನವಾಗುತ್ತದೆ. ಫ್ಲ್ಯಾಶನ್ನು ಮುಟ್ಟದೆ ಇಷ್ಟು ತಿಳಿಸಿಕೊಡುವ ಪರೀಕ್ಷೆ ಇನ್ನೊಂದಿಲ್ಲ. ಆದರೂ ಇದನ್ನು ಬಿಟ್ಟು ನೇರ ಅಳಿಸಲು ಹೊರಡುವವರೇ ಹೆಚ್ಚು.

ನ್ಯಾಂಡ್‌ನ ಒಳಗುಟ್ಟು

ತೋಷಿಬಾದಲ್ಲಿದ್ದ ಫುಜಿಯೊ ಮಸುವೊಕಾ 1980ರ ದಶಕದಲ್ಲಿ ರೂಪಿಸಿದ ಫ್ಲ್ಯಾಶ್ ಮೆಮೊರಿಯಲ್ಲಿ ಬರೆಯುವುದು ಎಂದರೆ 1 ಇದ್ದಲ್ಲಿ 0 ಮಾಡುವುದು. ಮತ್ತೆ 1 ಬೇಕೆಂದರೆ ಇಡೀ ಬ್ಲಾಕನ್ನೇ ಅಳಿಸಬೇಕು. ಸ್ಲೇಟಿನ ಮೇಲೆ ಒಂದಕ್ಷರ ತಪ್ಪಾದರೂ ಒದ್ದೆ ಬಟ್ಟೆಯಿಂದ ಪೂರ್ತಿ ಸ್ಲೇಟನ್ನೇ ಒರೆಸಬೇಕಾದ ಹಾಗೆ. 256 ಎಂಬಿಯ ಸಾಮಾನ್ಯ ನ್ಯಾಂಡ್ ಚಿಪ್‌ನಲ್ಲಿ ಒಂದು ಪುಟ 2048 ಬೈಟ್, ಅದರ ಪಕ್ಕಕ್ಕೆ 64 ಬೈಟ್‌ಗಳ ಹೆಚ್ಚುವರಿ ಜಾಗ. 64 ಪುಟ ಸೇರಿ 128 ಕೆಬಿಯ ಒಂದು ಬ್ಲಾಕ್. ಅಂಥ 2048 ಬ್ಲಾಕ್.

ಈ ಬ್ಲಾಕ್‌ಗಳೆಲ್ಲ ಒಳ್ಳೆಯವಲ್ಲ, ಮತ್ತು ಅದು ದೋಷವೂ ಅಲ್ಲ. 2048 ಬ್ಲಾಕ್‌ಗಳ ಚಿಪ್‌ನಲ್ಲಿ 40ರವರೆಗೆ ಕೆಟ್ಟಿರಬಹುದೆಂದು ತಯಾರಕರೇ ಒಪ್ಪಿ ಮಾರುತ್ತಾರೆ. ಕೆಟ್ಟದ್ದು ಯಾವುದೆಂಬ ಗುರುತನ್ನು ಕಾರ್ಖಾನೆಯಲ್ಲಿ ಆ ಹೆಚ್ಚುವರಿ ಜಾಗದಲ್ಲಿ ಹಾಕಿರುತ್ತಾರೆ. ‘ನ್ಯಾಂಡ್ ಬ್ಯಾಡ್’ ಆದೇಶ ಈ ಪಟ್ಟಿಯನ್ನು ಕೊಡುತ್ತದೆ. ‘ನ್ಯಾಂಡ್ ಸ್ಕ್ರಬ್’ ಎಂಬ ಇನ್ನೊಂದು ಆದೇಶವಿದೆ. ಅದು ಗುರುತುಗಳ ಸಮೇತ ಎಲ್ಲವನ್ನೂ ಅಳಿಸಿಬಿಡುತ್ತದೆ. ‘ಚೆನ್ನಾಗಿ ಕ್ಲೀನ್ ಆಗಲಿ’ ಎಂದು ಸ್ಕ್ರಬ್ ಕೊಟ್ಟವರು ಕೆಟ್ಟ ಬ್ಲಾಕನ್ನು ಒಳ್ಳೆಯದೆಂದು ನಂಬುವ ಪೆಟ್ಟಿಗೆಯನ್ನು ಪಡೆಯುತ್ತಾರೆ. ಅದು ಇಂದು ಎದ್ದು, ನಾಳೆ ಏಳದೆ, ನಾಡಿದ್ದು ಮತ್ತೆ ಎದ್ದು ವರ್ಷಗಟ್ಟಲೆ ಕಾಡುತ್ತದೆ. ಕಾರ್ಖಾನೆಯ ಗುರುತನ್ನು ಮತ್ತೆ ಪಡೆಯುವ ದಾರಿಯಿಲ್ಲ.

ಆ 64 ಬೈಟ್‌ಗಳಲ್ಲಿ ತಪ್ಪು ತಿದ್ದುವ ಸಂಕೇತಗಳೂ ಇರುತ್ತವೆ. ಯು-ಬೂಟ್ ಅವುಗಳನ್ನು ಒಂದು ಕ್ರಮದಲ್ಲಿ ಬರೆದು, ಹೊಸ ಕರ್ನಲ್ ಇನ್ನೊಂದು ಕ್ರಮದಲ್ಲಿ ಓದಲು ಹೊರಟರೆ ಸರಿಯಾಗಿರುವ ದತ್ತವೂ ತಿದ್ದಲಾರದ ತಪ್ಪಿನಂತೆ ತೋರುತ್ತದೆ. ಕರ್ನಲ್ ಆವೃತ್ತಿ ದೊಡ್ಡದಾಗಿ ಜಿಗಿದ ಅಪ್‌ಗ್ರೇಡ್‌ಗಳಲ್ಲಿ ಈ ಸಂಶಯವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು: ಬೂಟ್‌ಲೋಡರ್ ‘ಸರಿಯಿದೆ’ ಎನ್ನುತ್ತದೆ, ಕರ್ನಲ್ ‘ಎಲ್ಲ ಪುಟವೂ ಕೆಟ್ಟಿದೆ’ ಎನ್ನುತ್ತದೆ. ಅಂಥಲ್ಲಿ ಚಿಪ್ ಬದಲಿಸಲು ಹೊರಡುವುದು ದುಡ್ಡಿಗೆ ದಂಡ.

ಫೈಲ್ ಸಿಸ್ಟಂ ಸಿಗದಿದ್ದಾಗ

ಕರ್ನಲ್ ಎದ್ದು ಹತ್ತಾರು ಸಾಲು ಮಾತಾಡಿ, ‘ಕರ್ನಲ್ ಪ್ಯಾನಿಕ್… ಅನೇಬಲ್ ಟು ಮೌಂಟ್ ರೂಟ್’ ಎಂದು ನಿಲ್ಲುವುದು ಮುಂದಿನ ಹಂತದ ದೂರು. ಅದರ ಜೊತೆಗೆ ಬ್ಲಾಕ್ 31,2 ಎಂಬಂಥ ಜೋಡಿ ಸಂಖ್ಯೆ ಇರುತ್ತದೆ. 31 ಎಂದರೆ ಫ್ಲ್ಯಾಶ್ ಪಾರ್ಟಿಶನ್, 2 ಎಂದರೆ ಸೊನ್ನೆಯಿಂದ ಎಣಿಸಿದರೆ ಮೂರನೆಯದು. ಸ್ವಲ್ಪ ಮೇಲಕ್ಕೆ ಹೋದರೆ ಕರ್ನಲ್ ಕಂಡ ಪಾರ್ಟಿಶನ್‌ಗಳ ಪಟ್ಟಿ ಇರುತ್ತದೆ. ಹೊಸ ಫರ್ಮ್‌ವೇರ್ ಫ್ಲ್ಯಾಶನ್ನು ಬೇರೆ ರೀತಿ ಪಾಲು ಮಾಡಿದ್ದು, ಬೂಟ್ ಆರ್ಗ್ಯುಮೆಂಟ್ ಹಳೆಯದೇ ಉಳಿದಿದ್ದರೆ ಕರ್ನಲ್ ಪಕ್ಕದ ಮನೆಯ ಬಾಗಿಲು ತಟ್ಟುತ್ತಿರುತ್ತದೆ. ಒಂದು ಸಂಖ್ಯೆ ತಿದ್ದಿದರೆ ಎಲ್ಲ ಸರಿ. ಏನನ್ನೂ ಮತ್ತೆ ಬರೆಯಬೇಕಿಲ್ಲ.

ಪಾರ್ಟಿಶನ್ ಸರಿಯಿದ್ದೂ ಮೌಂಟ್ ಆಗದಿದ್ದರೆ ಬರೆದ ವಿಧಾನವನ್ನು ಪರೀಕ್ಷಿಸಬೇಕು. ನ್ಯೂಜಿಲೆಂಡಿನ ಚಾರ್ಲ್ಸ್ ಮ್ಯಾನಿಂಗ್ ಬರೆದ ಯಾಫ್ಸ್ ಫೈಲ್ ಸಿಸ್ಟಂ ತನ್ನ ಲೆಕ್ಕಪತ್ರವನ್ನು ಆ 64 ಬೈಟ್‌ಗಳ ಪಕ್ಕದ ಜಾಗದಲ್ಲೇ ಇಡುತ್ತದೆ. ಹಾಗಾಗಿ ಅದರ ಇಮೇಜ್ ಕಡತದಲ್ಲಿ ಪ್ರತಿ ಪುಟಕ್ಕೂ 2048 ಅಲ್ಲ, 2112 ಬೈಟ್ ಇರುತ್ತವೆ. ಕಡತದ ಗಾತ್ರ 2112ರಿಂದ ಶೇಷವಿಲ್ಲದೆ ಭಾಗವಾಗದಿದ್ದರೆ ಅದು ಯಾಫ್ಸ್ ಇಮೇಜ್ ಅಲ್ಲ, ಅಥವಾ ಡೌನ್‌ಲೋಡ್ ಅರ್ಧಕ್ಕೆ ನಿಂತಿದೆ. ಕ್ಯಾಲ್ಕುಲೇಟರಿನಲ್ಲಿ ಮುಗಿಯುವ ಪರೀಕ್ಷೆ. ಅದನ್ನು ಬರೆಯಲು ಯು-ಬೂಟ್‌ನಲ್ಲಿ ಯಾಫ್ಸ್‌ಗೆಂದೇ ಇರುವ ಆದೇಶ ಬೇಕು. ಸಾದಾ ಆದೇಶದಿಂದ ಬರೆದರೆ ಪಕ್ಕದ ಬೈಟ್‌ಗಳೂ ದತ್ತದೊಳಗೆ ನುಗ್ಗಿ ಪುಟಗಳೆಲ್ಲ ಸರಿದುಬಿಡುತ್ತವೆ. ಫೈಲ್ ಸಿಸ್ಟಂ ಜೆಎಫ್‌ಎಫ್‌ಎಸ್2 ಆದರೆ ಬೇರೆ ಲಕ್ಷಣ: ‘ಮ್ಯಾಜಿಕ್ ಬಿಟ್‌ಮಾಸ್ಕ್ 1985 ಸಿಗಲಿಲ್ಲ’ ಎಂಬ ಸಾಲು ನೂರಾರು ಸಲ ಬರುತ್ತದೆ. ಇಮೇಜ್ ಸಿದ್ಧಪಡಿಸುವಾಗ ಕೊಟ್ಟ ಬ್ಲಾಕ್ ಗಾತ್ರ ಚಿಪ್ಪಿನದಕ್ಕೆ ತಾಳೆಯಾಗದಿರುವುದು, ಅಥವಾ ಹಳೆಯದನ್ನು ಅಳಿಸದೆ ಮೇಲೆಯೇ ಬರೆದಿರುವುದು ಇದರ ಮಾಮೂಲಿ ಕಾರಣಗಳು.

ಎದ್ದರೂ ಮೂಕ

ಪೆಟ್ಟಿಗೆ ಪೂರ್ತಿ ಎದ್ದಿದೆ, ವೆಬ್ ಪುಟ ತೆರೆಯುತ್ತದೆ, ಫೋನಿನಲ್ಲಿ ಮಾತ್ರ ಡಯಲ್ ಟೋನ್ ಇಲ್ಲ. ದುರಸ್ತಿ ಮುಗಿಯಿತೆಂದು ಉಸಿರು ಬಿಡುವ ಹೊತ್ತಿಗೆ ಎದುರಾಗುವ ಈ ಘಟ್ಟ ನಿಜಕ್ಕೂ ಹೆಚ್ಚು ಸಮಯ ತಿನ್ನುವಂಥದ್ದು, ಏಕೆಂದರೆ ಇಲ್ಲಿ ಯಾವುದೂ ‘ಪ್ಯಾನಿಕ್’ ಎಂದು ಕೂಗುವುದಿಲ್ಲ.

ಮೊದಲ ಸಂಶಯ ಡ್ರೈವರ್ ಮೇಲೆ. ಕರ್ನಲ್ ಒಂದು ಆವೃತ್ತಿಯದು, ಡ್ರೈವರ್ ಮಾಡ್ಯೂಲ್ ಇನ್ನೊಂದರದು ಆಗಿದ್ದರೆ ಕರ್ನಲ್ ಅದನ್ನು ಸೇರಿಸಿಕೊಳ್ಳದೆ ಲಾಗ್‌ನಲ್ಲಿ ಒಂದು ಸಾಲು ಬರೆದು ಸುಮ್ಮನಾಗುತ್ತದೆ. ಎರಡನೆಯದು ಹೆಸರುಗಳ ಬದಲಾವಣೆ. ಟೆಲಿಫೋನ್ ಪೋರ್ಟುಗಳ ಡ್ರೈವರ್ ಸಂಗ್ರಹಕ್ಕೆ ಮೊದಲು ಝ್ಯಾಪ್‌ಟೆಲ್ ಎಂಬ ಹೆಸರಿತ್ತು; ಅದು ಬೇರೊಂದು ಕಂಪನಿಯ ಟ್ರೇಡ್‌ಮಾರ್ಕ್ ಆಗಿದ್ದರಿಂದ 2008ರಲ್ಲಿ ಡಾಡಿ ಎಂದು ಬದಲಾಯಿತು. ಕಡತಗಳ ಹೆಸರು, ಅವು ಇರುವ ಜಾಗ, ಕರೆಗಳ ದಾರಿ ನಿರ್ಧರಿಸುವ ಡಯಲ್ ಪ್ಲಾನಿನಲ್ಲಿ ಲೈನನ್ನು ಕರೆಯುವ ರೀತಿ ಎಲ್ಲವೂ ಬದಲಾದವು. ಅದೇ ಕಾಲದ ಆಸ್ಟರಿಸ್ಕ್ 1.6ರಲ್ಲಿ ಡಯಲ್ ಪ್ಲಾನಿನ ಅಂಶಗಳ ನಡುವೆ ಹಾಕುತ್ತಿದ್ದ ಕಂಬಗೆರೆಯ ಬದಲು ಅಲ್ಪವಿರಾಮ ಕಡ್ಡಾಯವಾಯಿತು. 1.4ರ ಕಾನ್ಫಿಗರೇಶನ್ ಬ್ಯಾಕಪ್ಪನ್ನು ಹೊಸದರ ಮೇಲೆ ಹಾಗೇ ಸುರಿದರೆ ಕರೆಗಳು ಎಲ್ಲಿಗೂ ಹೋಗುವುದಿಲ್ಲ. ಹೊಸ ಕಾಲದಲ್ಲಿ ಇದಕ್ಕೆ ಸಮನಾದದ್ದು 2023ರ ಆಸ್ಟರಿಸ್ಕ್ 21: ಹಳೆಯ ಎಸ್‌ಐಪಿ ಚಾನೆಲ್ ಡ್ರೈವರನ್ನು ಅಲ್ಲಿ ತೆಗೆದೇ ಹಾಕಲಾಯಿತು, ಉಳಿದಿರುವುದು ಪಿಜೆಎಸ್‌ಐಪಿ.

ಇನ್ನು ಡೀಫಾಲ್ಟ್‌ಗೆ ಮರಳಿದ ಪೆಟ್ಟಿಗೆ ಅಮೆರಿಕದ ಲೈನಿಗೆ ಜೋಡಿಸಿದಂತೆ ವರ್ತಿಸತೊಡಗುತ್ತದೆ. ಭಾರತದ ಬಳಕೆದಾರರನ್ನು ಇದು ಮೂರು ಕಡೆ ಬಾಧಿಸುತ್ತದೆ. ಇಲ್ಲಿನ ಎಂಗೇಜ್ ಟೋನ್ 400 ಹರ್ಟ್ಸ್, 750 ಮಿಲಿಸೆಕೆಂಡು ಸದ್ದು, ಅಷ್ಟೇ ಹೊತ್ತು ಮೌನ. ಅಮೆರಿಕದ್ದು 480 ಮತ್ತು 620 ಹರ್ಟ್ಸ್ ಬೆರೆತ, ಅರ್ಧರ್ಧ ಸೆಕೆಂಡಿನದು. ಆ ಕಡೆಯವರು ಫೋನ್ ಇಟ್ಟರೆಂಬುದನ್ನು ಈ ಸದ್ದಿನಿಂದಲೇ ಗುರುತಿಸಬೇಕಾದ ಪೆಟ್ಟಿಗೆ ಅಮೆರಿಕದ ತಾಳಕ್ಕೆ ಕಾಯುತ್ತಾ ಲೈನನ್ನು ಹಿಡಿದುಕೊಂಡೇ ಇರುತ್ತದೆ. ಹೊರಗಿನವರಿಗೆ ಇಡೀ ದಿನ ‘ಎಂಗೇಜ್’. ಎರಡನೆಯದು ಕಾಲರ್ ಐಡಿ. ಅಮೆರಿಕದಲ್ಲಿ ಅದು ಮೊದಲ ಎರಡು ರಿಂಗ್‌ಗಳ ನಡುವೆ ಮೋಡೆಮ್ ಸದ್ದಾಗಿ ಬರುತ್ತದೆ. ಭಾರತದ ಲ್ಯಾಂಡ್‌ಲೈನ್‌ಗಳಲ್ಲಿ ಲೈನಿನ ಧ್ರುವ ತಿರುಗಿದ ಮೇಲೆ ಡಿಟಿಎಂಎಫ್ ಸದ್ದಾಗಿ ಬರುವ ಕ್ರಮವಿದ್ದು, ಅದಕ್ಕೆಂದೇ ಆಸ್ಟರಿಸ್ಕ್‌ನ ಡಾಡಿ ಕಾನ್ಫಿಗರೇಶನ್‌ನಲ್ಲಿ ‘ಪೊಲಾರಿಟಿ ಐಎನ್’ ಎಂಬ ಪ್ರತ್ಯೇಕ ಆಯ್ಕೆಯೇ ಇದೆ. ಅದು ಅಳಿಸಿಹೋದರೆ ಬರುವ ಕರೆಗಳೆಲ್ಲ ಅನಾಮಿಕ. ಮೂರನೆಯದು ಗಡಿಯಾರ. ಕಾಲವಲಯದ ಸೆಟ್ಟಿಂಗ್ ಹೋದ ಪೆಟ್ಟಿಗೆಗೆ ನಮ್ಮ ಬೆಳಗಿನ 9 ಗಂಟೆ ಇನ್ನೂ ನಸುಕಿನ 3.30. ಕಚೇರಿಗೆ ಮೊದಲ ಕರೆ ಮಾಡಿದವರಿಗೆ ‘ಕಚೇರಿ ಮುಚ್ಚಿದೆ’ ಎಂಬ ರಾತ್ರಿಯ ಸಂದೇಶ ಕೇಳಿಸುತ್ತದೆ, ಮಧ್ಯಾಹ್ನದ ಹೊತ್ತಿಗೆ ಎಲ್ಲ ತಾನಾಗಿ ‘ಸರಿಹೋಗುತ್ತದೆ’.

ಎಸ್‌ಐಪಿ ಫೋನುಗಳ ವಿಷಯದಲ್ಲಿ ಸ್ವಲ್ಪ ತಾಳ್ಮೆ ಬೇಕು. ಯಾವ ಫೋನು ಯಾವ ವಿಳಾಸದಲ್ಲಿದೆ ಎಂಬ ನೆನಪನ್ನು ಆಸ್ಟರಿಸ್ಕ್ ತನ್ನ ಆಂತರಿಕ ದತ್ತಸಂಚಯದಲ್ಲಿ ಇಡುತ್ತದೆ. ಫ್ಲ್ಯಾಶ್ ಅಳಿದಾಗ ಅದೂ ಹೋಗುತ್ತದೆ. ಫೋನುಗಳು ತಮ್ಮ ಅವಧಿ ಮುಗಿದಾಗಲೇ ಮತ್ತೆ ನೋಂದಾಯಿಸಿಕೊಳ್ಳುವುದು, ಅದಕ್ಕೆ ಒಂದು ಗಂಟೆಯವರೆಗೂ ಹಿಡಿಯಬಹುದು. ಅಷ್ಟರವರೆಗೆ ಆ ಫೋನಿನಿಂದ ಕರೆ ಹೋಗುತ್ತದೆ, ಅದಕ್ಕೆ ಕರೆ ಬರುವುದಿಲ್ಲ. ಫೋನನ್ನು ಒಮ್ಮೆ ಆರಿಸಿ ಹಚ್ಚಿದರೆ ಸಾಕು. ಡೀಫಾಲ್ಟ್ ಪಾಸ್‌ವರ್ಡ್ ಮಾತ್ರ ತಾಳ್ಮೆಯ ವಿಷಯವಲ್ಲ. ಕಾರ್ಖಾನೆಯ ಪಾಸ್‌ವರ್ಡಿನೊಂದಿಗೆ ಇಂಟರ್‌ನೆಟ್ಟಿಗೆ ತೆರೆದುಕೊಂಡ ಫೋನ್ ಸರ್ವರನ್ನು ಹುಡುಕುವ ಪ್ರೋಗ್ರಾಂಗಳು ಹಗಲೂ ರಾತ್ರಿ ಓಡುತ್ತಿರುತ್ತವೆ, ಸಿಕ್ಕ ಪೆಟ್ಟಿಗೆಯ ಮೂಲಕ ವಿದೇಶಕ್ಕೆ ಕರೆ ಹರಿಸುತ್ತವೆ. ಪಾಸ್‌ವರ್ಡ್ ಬದಲಾಗುವವರೆಗೆ ಹೊರಗಿನ ಕೇಬಲ್ ಜೋಡಿಸಬಾರದು.

ಎರಡು ಪ್ರತಿ

ಇಷ್ಟೆಲ್ಲ ಕಷ್ಟದ ಮೂಲ ಇರುವುದು ಇರುವ ಒಂದೇ ಪ್ರತಿಯ ಮೇಲೆ ಹೊಸದನ್ನು ಬರೆಯುವ ಪದ್ಧತಿಯಲ್ಲಿ. ಫ್ಲ್ಯಾಶನ್ನು ಎರಡು ಪಾಲು ಮಾಡಿ, ಓಡುತ್ತಿರುವುದನ್ನು ಮುಟ್ಟದೆ ಇನ್ನೊಂದಕ್ಕೆ ಹೊಸದನ್ನು ಬರೆದು, ಪೂರ್ತಿ ತಾಳೆ ನೋಡಿದ ಮೇಲೆ ಒಂದು ಗುರುತು ಬದಲಿಸುವ ಕ್ರಮ ಈಗ ಸಾಮಾನ್ಯವಾಗುತ್ತಿದೆ. 2016ರ ಆಂಡ್ರಾಯ್ಡ್ 7ರಿಂದ ಮೊಬೈಲ್‌ಗಳಿಗೂ ಬಂದಿತು. ಯು-ಬೂಟ್‌ನಲ್ಲೇ ಬೂಟ್‌ಕೌಂಟ್ ಎಂಬ ಎಣಿಕೆ ಇದೆ: ನಿಗದಿತ ಸಲ ಯತ್ನಿಸಿಯೂ ವ್ಯವಸ್ಥೆ ‘ಎದ್ದೆ’ ಎಂದು ವರದಿ ಮಾಡದಿದ್ದರೆ ಹಳೆಯ ಪ್ರತಿಗೆ ಮರಳುವ ಬದಲಿ ಆದೇಶ ಓಡುತ್ತದೆ. 256 ಎಂಬಿ ಇರುವ ಪೆಟ್ಟಿಗೆಯಲ್ಲಿ ಇದಕ್ಕೆ ಜಾಗ ಧಾರಾಳ. ಹಾಗಿದ್ದೂ ಬಹಳಷ್ಟು ತಯಾರಕರು ಮಾಡಲಿಲ್ಲವೆಂದರೆ ಅದು ಬರೀ ಉದಾಸೀನ.

ಆ ಸೌಲಭ್ಯವಿಲ್ಲದ ಪೆಟ್ಟಿಗೆಗೆ ಕೈಯಾರೆ ಮಾಡುವ ಸಿದ್ಧತೆಯೇ ಗತಿ. ಪ್ರಿಂಟ್‌ಎನ್ವ್ ಪಟ್ಟಿ, ಪ್ರತಿ ಫ್ಲ್ಯಾಶ್ ಪಾರ್ಟಿಶನ್ನಿನ ನಕಲು, ಕಾನ್ಫಿಗರೇಶನ್ ಕಡತಗಳ ಕಟ್ಟು ಈ ಮೂರೂ ಪೆಟ್ಟಿಗೆಯ ಹೊರಗೆ ಇರಬೇಕು. ಸೀರಿಯಲ್ ಕೇಬಲ್ ಮೊದಲೇ ಜೋಡಿಸಿ, ಓದಲೂ ಬರೆಯಲೂ ಬರುತ್ತದೆಂದು ಖಾತ್ರಿಪಡಿಸಿಕೊಂಡಿರಬೇಕು. ಪೆಟ್ಟಿಗೆ, ಸ್ವಿಚ್, ಲ್ಯಾಪ್‌ಟಾಪ್ ಮೂರೂ ಒಂದೇ ಯುಪಿಎಸ್ ಮೇಲೆ. ಅಪ್‌ಗ್ರೇಡ್ ಮುಗಿದ ಮೇಲೆ ಒಳಗಿನ ಕರೆ, ಹೊರಹೋಗುವ ಕರೆ, ಬರುವ ಕರೆ, ಆ ಕಡೆಯವರು ಮೊದಲು ಫೋನ್ ಇಡುವ ಕರೆ ಇಷ್ಟನ್ನೂ ಮಾಡಿ ನೋಡಿ, ಪ್ಲಗ್ ಕಿತ್ತು ಮತ್ತೆ ಹಾಕಿ ಇನ್ನೊಮ್ಮೆ ಮಾಡಬೇಕು; ರ್‍ಯಾಮ್‌ನಲ್ಲಷ್ಟೇ ಉಳಿದ ಸೆಟ್ಟಿಂಗ್ ಬಯಲಾಗುವುದು ಈ ಎರಡನೆಯ ಸುತ್ತಿನಲ್ಲಿ.

ಬ್ಲ್ಯಾಕ್‌ಫಿನ್ ಪೆಟ್ಟಿಗೆಗಳ ಮಟ್ಟಿಗೆ ಇನ್ನೊಂದು ಸಂಗತಿಯಿದೆ. 2018ರಲ್ಲಿ ಬಂದ ಲಿನಕ್ಸ್ 4.17ರಲ್ಲಿ ಬಳಕೆ ತಪ್ಪಿದ ಹಲವು ಪ್ರೊಸೆಸರ್‌ಗಳ ಜೊತೆ ಬ್ಲ್ಯಾಕ್‌ಫಿನ್ ಬೆಂಬಲವನ್ನೂ ಕರ್ನಲ್ಲಿನಿಂದ ತೆಗೆಯಲಾಯಿತು. ಇವುಗಳಿಗೆ ಮುಖ್ಯ ಕರ್ನಲ್ಲಿನ ಹೊಸ ಆವೃತ್ತಿಗಳು ಇನ್ನು ಹೊಂದುವುದಿಲ್ಲ. ಇಂದಿಗೂ ಓಡುತ್ತಿರುವ ಪೆಟ್ಟಿಗೆ ಇದ್ದರೆ ಅದನ್ನು ಫೈರ್‌ವಾಲ್ ಹಿಂದೆ ಇಟ್ಟು, ಅದರಲ್ಲಿ ಕೆಲಸ ಮಾಡಿದ ಕೊನೆಯ ಇಮೇಜನ್ನೂ ಅದರ ಎಂಡಿ5 ಮೊತ್ತವನ್ನೂ ಜೋಪಾನ ಮಾಡಿಕೊಳ್ಳುವುದಷ್ಟೇ ಉಳಿದಿರುವ ಕೆಲಸ.